ಸೋಂಕು ತಗುಲಿದ ತಾಯಿಗೆ ಯಾವ ಹೆರಿಗೆ ಕ್ಷೇಮ

ಹೆರಿಗೆಯ ಹೊತ್ತಿಗೆ ತಾಯಿಯ ಮೈಯಲ್ಲಿರುವ ಸೋಂಕುಗಳನ್ನು ಸ್ಥೂಲವಾಗಿ ಎರಡು ಗುಂಪು ಮಾಡಬಹುದು. ಬಸಿರಿಗೆ ಮೊದಲೋ ಬಸಿರಿನ ನಡುವೆಯೋ ಅಂಟಿಕೊಂಡು ರಕ್ತದಲ್ಲಿ ಅಥವಾ ಜನನಾಂಗದಲ್ಲಿ ಉಳಿದುಬಿಟ್ಟಿರುವ ವೈರಸ್‌ಗಳದ್ದು ಒಂದು ಗುಂಪು; ಎಚ್‌ಐವಿ, ಹರ್ಪಿಸ್, ಹೆಪಟೈಟಿಸ್ ಬಿ ಇದರಲ್ಲಿ ಮುಖ್ಯವಾದವು. ನೀರಿನ ಚೀಲ ಒಡೆದ ಮೇಲೆ, ಕೆಲವೊಮ್ಮೆ ಒಡೆಯುವ ಮೊದಲೇ, ಯೋನಿಯಲ್ಲಿ ನೆಲೆಸಿರುವ ಬ್ಯಾಕ್ಟೀರಿಯಾಗಳು ಮೇಲೇರಿ ಗರ್ಭಜಲ, ಪೊರೆ ಮತ್ತು ಮಾಸುಗಳಿಗೆ ತಗುಲುವುದು ಇನ್ನೊಂದು. ಎರಡರಲ್ಲೂ ವೈದ್ಯರ ಮುಂದೆ, ಮನೆಯವರ ಮುಂದೆ ನಿಲ್ಲುವ ಪ್ರಶ್ನೆ ಒಂದೇ: ಮಗು ಸಹಜವಾಗಿಯೇ ಹುಟ್ಟಲಿ ಎಂದು ಬಿಡಬೇಕೆ, ಇಲ್ಲ ಸಿಸೇರಿಯನ್ ಮಾಡಬೇಕೆ? ಈಗ ದೊರೆತಿರುವ ಆಧಾರಗಳನ್ನು ಒಟ್ಟಿಗಿಟ್ಟು ನೋಡಿದರೆ, ಸೋಂಕು ಇದೆ ಎಂಬ ಒಂದೇ ಕಾರಣಕ್ಕೆ ಶಸ್ತ್ರಕ್ರಿಯೆಗೆ ಹೋಗುವುದು ಬಹುಪಾಲು ತಾಯಂದಿರಿಗೆ ಹೆಚ್ಚು ಅಪಾಯದ್ದು. ಇದಕ್ಕೆ ಅಪವಾದಗಳಿವೆ, ಅವು ಗಂಭೀರವಾದವೇ. ಆದರೆ ಒಂದೊಂದು ಅಪವಾದದ ಹಿಂದೆಯೂ ರೋಗಾಣು ಮಗುವನ್ನು ಎಲ್ಲಿ, ಎಷ್ಟು ಪ್ರಮಾಣದಲ್ಲಿ ಮುಟ್ಟುತ್ತದೆ ಎಂಬ ನಿರ್ದಿಷ್ಟ ಕಾರಣವಿದೆ; ಜ್ವರ ಬಂದಿದೆ, ರಕ್ತಪರೀಕ್ಷೆ ಪಾಸಿಟಿವ್ ಬಂದಿದೆ ಎಂಬಷ್ಟೇ ಅಲ್ಲ.

ಸಿಸೇರಿಯನ್ ಎಂದರೆ ಅಪಾಯದಿಂದ ಪಾರು ಮಾಡುವ ಉಪಾಯ ಎಂಬ ನಂಬಿಕೆ ಇಂದು ಬೇರೂರಿದೆ. ನೂರು ವರ್ಷದ ಹಿಂದೆ ಹೆರಿಗೆ ವೈದ್ಯರು ಎಲ್ಲಕ್ಕಿಂತ ಹೆಚ್ಚು ಹೆದರುತ್ತಿದ್ದುದು ಸೋಂಕಾದ ತಾಯಿಯ ಹೊಟ್ಟೆ ಕೊಯ್ಯುವುದಕ್ಕೆ. ಸೂತಿಕಾ ಜ್ವರ ವೈದ್ಯರ ಕೈಗಳಿಂದಲೇ ಹರಡುತ್ತದೆ ಎಂದು ವಿಯೆನ್ನಾದಲ್ಲಿ ಸೆಮ್ಮೆಲ್‌ವೈಸ್ 1847ರಲ್ಲಿ ತೋರಿಸಿಕೊಟ್ಟ ಮೇಲೂ ದಶಕಗಳ ಕಾಲ ಸಿಸೇರಿಯನ್ ಆದ ತಾಯಿ ಬದುಕುವುದು ಅಪರೂಪವಾಗಿತ್ತು. 1876ರಲ್ಲಿ ಇಟಲಿಯ ಪಾವಿಯಾದಲ್ಲಿ ಎಡ್ವಾರ್ಡೊ ಪೋರೊ ಮಗುವನ್ನು ತೆಗೆದ ಮೇಲೆ ಗರ್ಭಕೋಶವನ್ನೇ ಕತ್ತರಿಸಿ ತೆಗೆದರು. ರಕ್ತಸ್ರಾವಕ್ಕೂ ನಂಜಿಗೂ ಅದೇ ಮೂಲವಾಗಿದ್ದುದರಿಂದ ತಾಯಿ ಉಳಿದಳು. 1882ರಲ್ಲಿ ಮ್ಯಾಕ್ಸ್ ಸೆಂಗರ್ ಗರ್ಭಕೋಶದ ಗಾಯವನ್ನು ಹೊಲಿಯುವ ಕ್ರಮವನ್ನು ಗಟ್ಟಿಯಾಗಿ ನೆಲೆಗೊಳಿಸಿದರು. ಆದರೂ ದಿನಗಟ್ಟಲೆ ನೋವು ತಿಂದು, ಜ್ವರ ಏರಿ ಬಂದ ತಾಯಿಗೆ ಈ ಹೊಲಿಗೆ ಸಾಲುತ್ತಿರಲಿಲ್ಲ. ಕೊಳೆತ ಗರ್ಭಜಲ ಹೊಟ್ಟೆಯೊಳಕ್ಕೆ ಹರಿದು ಪೆರಿಟೋನಿಯಂ ಪೊರೆಗೆ ಸೋಂಕಾದರೆ ಸಾವು ಹತ್ತಿರವೇ ಇರುತ್ತಿತ್ತು. ಅದಕ್ಕಾಗಿಯೇ ಜರ್ಮನಿಯ ಫ್ರಾಂಕ್ 1907ರಲ್ಲಿ, ವಿಯೆನ್ನಾದ ಲಾಟ್ಸ್ಕೊ 1909ರಲ್ಲಿ, ಆ ಪೊರೆಯನ್ನು ತಪ್ಪಿಸಿ ಗರ್ಭಕೋಶವನ್ನು ಮುಟ್ಟುವ ಕಷ್ಟದ ವಿಧಾನಗಳನ್ನು ರೂಪಿಸಿದರು. 1936ರಲ್ಲಿ ಲಂಡನ್ನಿನ ಕ್ವೀನ್ ಷಾರ್ಲಟ್ ಆಸ್ಪತ್ರೆಯಲ್ಲಿ ಲೆನರ್ಡ್ ಕೋಲ್‌ಬ್ರೂಕ್ ಸೂತಿಕಾ ಜ್ವರಕ್ಕೆ ಸಲ್ಫಾ ಔಷಧದ ಫಲವನ್ನು ಪ್ರಕಟಿಸಿದರು. ಅದರ ಬೆನ್ನಿಗೆ ಪೆನಿಸಿಲಿನ್ ಬಂತು. ಸೋಂಕಿನಲ್ಲಿ ಸಿಸೇರಿಯನ್ ಸಾಧ್ಯವಾದದ್ದು ಈ ಔಷಧಗಳಿಂದ. ಚರ್ಚೆಯಲ್ಲಿ ಬಹಳ ಸಲ ಮರೆತುಹೋಗುವ ಸಂಗತಿಯೆಂದರೆ, ಅದೇ ಔಷಧಗಳು ಸಹಜ ಹೆರಿಗೆಯನ್ನೂ ಹಿಂದೆಂದಿಗಿಂತ ಸುರಕ್ಷಿತ ಮಾಡಿದವು. ಎರಡರ ಅಪಾಯವೂ ಇಳಿಯಿತು; ಯಾವುದರ ಅಪಾಯ ಹೆಚ್ಚು ಎಂಬ ಅನುಕ್ರಮ ಬದಲಾಗಲಿಲ್ಲ.

ಗರ್ಭಕೋಶದೊಳಗಿನ ಸೋಂಕನ್ನು ಹೆರಿಗೆ ಕೋಣೆಯಲ್ಲಿ ಗುರುತಿಸುವುದು ಹೇಗೆಂದು ಹತ್ತಿರದಿಂದ ನೋಡಬೇಕು, ಏಕೆಂದರೆ ತಪ್ಪು ನಿರ್ಧಾರಗಳು ಹುಟ್ಟುವುದು ಹೆಚ್ಚಾಗಿ ಇಲ್ಲಿಯೇ. ಚೊಚ್ಚಲ ಹೆರಿಗೆ, ನೀರು ಹೋಗಿ ಹದಿನೆಂಟು ಗಂಟೆ, ಗರ್ಭಕೊರಳು ಆರು ಸೆಂಟಿಮೀಟರು ತೆರೆದಿದೆ, ಹಲವು ಸಲ ಒಳಪರೀಕ್ಷೆ ಆಗಿದೆ, ತಾಯಿಯ ಮೈ 38.4 ಡಿಗ್ರಿ ಸೆಲ್ಸಿಯಸ್, ಮಗುವಿನ ಎದೆಬಡಿತ ನಿಮಿಷಕ್ಕೆ 170: ಇದು ಪಠ್ಯಪುಸ್ತಕದಂಥ ಚಿತ್ರ. ಅಮೆರಿಕದ ಪ್ರಸೂತಿ ತಜ್ಞರ ಸಂಸ್ಥೆ 2017ರಲ್ಲಿ ಕೊಟ್ಟ ಮಾನದಂಡದ ಪ್ರಕಾರ, ಜ್ವರ ಒಮ್ಮೆಯಾದರೂ 39 ಡಿಗ್ರಿ ಮುಟ್ಟಿದರೆ, ಅಥವಾ 38ರಿಂದ 38.9ರ ನಡುವೆ ಇದ್ದು ಅದರ ಜೊತೆಗೆ ಮಗುವಿನ ಎದೆಬಡಿತದ ಏರಿಕೆ, ತಾಯಿಯ ಬಿಳಿರಕ್ತಕಣಗಳ ಏರಿಕೆ, ಗರ್ಭಕೊರಳಿನಿಂದ ಕೀವು ಇವುಗಳಲ್ಲಿ ಒಂದಾದರೂ ಕಂಡರೆ ಈ ಸೋಂಕನ್ನು ಶಂಕಿಸಬೇಕು. ಶಂಕಿಸಬೇಕು ಎಂದೇ ಅಲ್ಲಿರುವುದು. ಖಚಿತವಾಗುವುದು ಗರ್ಭಜಲದ ಪರೀಕ್ಷೆಯಿಂದ ಅಥವಾ ಹೆರಿಗೆಯ ನಂತರ ಮಾಸನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲೆ. ಬೆನ್ನಿಗೆ ಎಪಿಡ್ಯೂರಲ್ ನೋವುನಿವಾರಕ ಪಡೆದವರಲ್ಲಿ ಸೋಂಕಿಲ್ಲದೆಯೂ ಮೈ ಬಿಸಿಯಾಗುತ್ತದೆ. ನೀರು ಸಾಕಷ್ಟು ಕುಡಿಯದೆ ಬಳಲಿದ ತಾಯಿಯ ನಾಡಿ ಓಡುತ್ತದೆ. ಖಚಿತವಲ್ಲದ ರೋಗನಿರ್ಣಯದ ಮೇಲೆ ಆ್ಯಂಟಿಬಯಾಟಿಕ್ ಶುರುಮಾಡುವುದು ಸರಿ, ಏಕೆಂದರೆ ಅದರಿಂದಾಗುವ ಕೇಡು ಕಡಿಮೆ. ಅದೇ ಖಚಿತವಲ್ಲದ ನಿರ್ಣಯದ ಮೇಲೆ ಗರ್ಭಕೋಶಕ್ಕೆ ಗಾಯ ಮಾಡುವುದಕ್ಕೆ ಅಷ್ಟು ಸುಲಭದ ಸಮರ್ಥನೆ ಇಲ್ಲ.

ಚಿಕಿತ್ಸೆಯ ತಳಹದಿ ಎರಡು: ತಡಮಾಡದೆ ರಕ್ತನಾಳದ ಮೂಲಕ ಆ್ಯಂಟಿಬಯಾಟಿಕ್, ಮತ್ತು ಹೆರಿಗೆಯನ್ನು ಮುಂದೂಡದೆ ನಡೆಸಿಕೊಂಡು ಹೋಗುವುದು. ಆಂಪಿಸಿಲಿನ್ ಮತ್ತು ಜೆಂಟಾಮೈಸಿನ್ ಜೋಡಿಯನ್ನೇ ವಿಶ್ವ ಆರೋಗ್ಯ ಸಂಸ್ಥೆ 2015ರ ಮಾರ್ಗಸೂಚಿಯಲ್ಲಿ ಮೊದಲ ಆಯ್ಕೆಯಾಗಿ ಹೇಳಿದೆ; ಎರಡೂ ಅಗ್ಗದ, ಎಲ್ಲೆಡೆ ಸಿಗುವ ಔಷಧಗಳು. ಔಷಧವನ್ನು ಹೆರಿಗೆಯಾದ ಮೇಲೆ ಕೊಟ್ಟರೂ ಆದೀತು ಎಂಬ ವಾದ ಒಂದು ಕಾಲಕ್ಕೆ ಇತ್ತು. 1988ರಲ್ಲಿ ಗಿಬ್ಸ್ ಮತ್ತು ಸಂಗಡಿಗರು ಪ್ರಕಟಿಸಿದ ಸಣ್ಣ ಪ್ರಯೋಗ ಅದನ್ನು ಮುಗಿಸಿತು: ನೋವಿನ ಹೊತ್ತಿನಲ್ಲೇ ಔಷಧ ಪಡೆದ ತಾಯಂದಿರ ಮಕ್ಕಳಲ್ಲಿ ಯಾರಿಗೂ ರಕ್ತದ ನಂಜು ಆಗಲಿಲ್ಲ, ಹೆರಿಗೆಯ ನಂತರ ಪಡೆದವರ ಮಕ್ಕಳಲ್ಲಿ ಶೇ. 21ಕ್ಕೆ ಆಯಿತು. ಭಾಗವಹಿಸಿದವರು 45 ತಾಯಂದಿರು ಮಾತ್ರ, ಆದರೂ ಅಂತರ ಎಷ್ಟು ದೊಡ್ಡದಿತ್ತೆಂದರೆ ಪ್ರಯೋಗವನ್ನು ಅಲ್ಲಿಗೇ ನಿಲ್ಲಿಸಬೇಕಾಯಿತು. ನಮ್ಮ ಪ್ರಶ್ನೆಗೆ ಇದು ಬಹಳ ಮುಖ್ಯ. ಮಗುವನ್ನು ಕಾಪಾಡಿದ್ದು ಔಷಧ ತಲುಪಿದ ಹೊತ್ತು. ಮಾಸನ್ನು ದಾಟಿ ಮಗುವಿನ ರಕ್ತಕ್ಕೂ ಗರ್ಭಜಲಕ್ಕೂ ಸೇರುವ ಔಷಧ ಹುಟ್ಟುವ ಮೊದಲೇ ಚಿಕಿತ್ಸೆ ಶುರುಮಾಡಿಬಿಡುತ್ತದೆ.

ಇಲ್ಲಿ ಬಲವಾದ ಆಕ್ಷೇಪ ಒಂದಿದೆ. ಸೋಂಕಿನ ಗೂಡಿನಲ್ಲಿ ಮಗು ಇರುವ ಒಂದೊಂದು ಗಂಟೆಯೂ ಅದರ ಮೆದುಳಿಗೆ, ಶ್ವಾಸಕೋಶಕ್ಕೆ ಕೇಡಲ್ಲವೇ, ಹಾಗಾದರೆ ಬೇಗ ತೆಗೆಯುವ ದಾರಿಯೇ ಒಳ್ಳೆಯದಲ್ಲವೇ ಎಂಬುದು. ಗರ್ಭಕೋಶದ ಸೋಂಕಿಗೂ ಮಕ್ಕಳ ಮೆದುಳಿನ ಪಾರ್ಶ್ವವಾಯುವಿಗೂ ನಂಟಿದೆಯೆಂದು ಅಧ್ಯಯನಗಳು ಹೇಳಿರುವುದು ನಿಜ, ಆದ್ದರಿಂದ ಈ ಆತಂಕವನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ಸೋಂಕು ಇರುವುದು ಬೇರೆ, ಅದು ಇನ್ನೂ ಕೆಲವು ಗಂಟೆ ಔಷಧದ ರಕ್ಷಣೆಯಲ್ಲಿ ಮುಂದುವರಿಯುವುದು ಬೇರೆ. ಅಮೆರಿಕದ ಹಲವು ಆಸ್ಪತ್ರೆಗಳ ಸಿಸೇರಿಯನ್ ದಾಖಲೆಗಳಿಂದ 2004ರಲ್ಲಿ ರೌಸ್ ಮತ್ತು ಸಂಗಡಿಗರು ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ದಿನತುಂಬಿದ ಬಸಿರಿನಲ್ಲಿ ಈ ಸೋಂಕು ಕಂಡ ತಾಯಿ ಮಕ್ಕಳಿಗೆ ತೊಂದರೆಗಳು ಹೆಚ್ಚಿದ್ದವು. ಆದರೆ ಸೋಂಕು ಪತ್ತೆಯಾದ ಮೇಲೆ ಹೆರಿಗೆಗೆ ಹಿಡಿದ ಸಮಯಕ್ಕೂ ಆ ತೊಂದರೆಗಳಲ್ಲಿ ಬಹುಪಾಲಿಗೂ ಸಂಬಂಧ ಕಾಣಲಿಲ್ಲ. ಸಮಯದೊಂದಿಗೆ ಸ್ಪಷ್ಟವಾಗಿ ಏರಿದವುಗಳಲ್ಲಿ ಒಂದು ಗರ್ಭಕೋಶ ಕುಗ್ಗದೆ ಉಳಿಯುವ ತೊಂದರೆ. ಹೆರಿಗೆಯ ನಂತರ ರಕ್ತಸ್ರಾವಕ್ಕೆ ಕಾರಣವಾಗುವುದು ಇದೇ. ಹಾಗಾಗಿ ಕಾಯುವುದೆಂದರೆ ಕೈಕಟ್ಟಿ ಕೂರುವುದಲ್ಲ. ಸೋಂಕಾದ ಗರ್ಭಕೋಶ ಸರಿಯಾಗಿ ಹಿಂಡುವುದಿಲ್ಲ, ಆದ್ದರಿಂದ ಆಕ್ಸಿಟೋಸಿನ್ ಡ್ರಿಪ್ ಬೇಕಾಗಬಹುದು. ಮಗುವಿನ ಎದೆಬಡಿತವನ್ನು ಬಿಡದೆ ಗಮನಿಸಬೇಕು. ಗರ್ಭಕೊರಳು ಮುಂದುವರಿಯದಿದ್ದರೆ, ಎದೆಬಡಿತ ಕೆಟ್ಟರೆ, ಮಗು ಅಡ್ಡವಾಗಿದ್ದರೆ ಸಿಸೇರಿಯನ್ ಮಾಡಲೇಬೇಕು. ಅಂಥ ಸಂದರ್ಭದಲ್ಲಿ ಹಿಂಜರಿಯುವುದು ಇನ್ನೊಂದು ಬಗೆಯ ತಪ್ಪು. ಆಗಲೂ ಕಾರಣ ಹೆರಿಗೆಯ ಸ್ಥಿತಿ. ಸೋಂಕು ಆ ಸ್ಥಿತಿಯನ್ನು ಎಚ್ಚರದಿಂದ ನೋಡುವಂತೆ ಮಾಡುತ್ತದೆ, ಅಷ್ಟೆ. ಮೇಲೆ ಹೇಳಿದ ಅಮೆರಿಕದ ಸಂಸ್ಥೆಯೂ ಗರ್ಭಕೋಶದ ಸೋಂಕೊಂದೇ ಸಿಸೇರಿಯನ್ನಿಗೆ ಕಾರಣವಾಗುವುದು ಇಲ್ಲವೆನ್ನುವಷ್ಟು ಅಪರೂಪ ಎಂದೇ ಹೇಳುತ್ತದೆ.

ಸೋಂಕಾದ ಗರ್ಭಕೋಶದ ಮೇಲೆ ಕತ್ತಿ ಆಡಿಸುವಾಗ ಏನಾಗುತ್ತದೆ ಎಂಬುದನ್ನು ಅಂಕಿಗಳಷ್ಟೇ ಹೇಳಲಾರವು. ಬಹಳ ಹೊತ್ತು ನೋವು ನಡೆದ ಮೇಲೆ ಗರ್ಭಕೋಶದ ಕೆಳಭಾಗ ತೆಳುವಾಗಿ, ಬಾತು, ಹಸಿ ಕಾಗದದಂತೆ ಹರಿಯುವ ಸ್ಥಿತಿಗೆ ಬಂದಿರುತ್ತದೆ. ಮಗುವಿನ ತಲೆ ಸೊಂಟದೊಳಕ್ಕೆ ಇಳಿದು ಸಿಕ್ಕಿಕೊಂಡಿದ್ದರೆ ಅದನ್ನು ಮೇಲೆತ್ತುವಾಗ ಕೊಯ್ತ ಬದಿಗೆ ಹರಿದು ದೊಡ್ಡ ರಕ್ತನಾಳಗಳವರೆಗೆ ಹೋಗಬಹುದು. ಮೂತ್ರಕೋಶ ಹತ್ತಿರದಲ್ಲೇ ಇದೆ. ಹೊಲಿಗೆ ಹಾಕಿದರೆ ದಾರ ಅಂಗಾಂಶವನ್ನೇ ಕೊಯ್ಯುತ್ತದೆ. ಕುಗ್ಗದ ಗರ್ಭಕೋಶದಿಂದ ರಕ್ತ ಹೋಗುತ್ತಲೇ ಇರುತ್ತದೆ. ಇವೆಲ್ಲ ಮುಗಿದ ಮೇಲೆ ಗಾಯಕ್ಕೆ ಕೀವು, ಗರ್ಭಕೋಶದ ಒಳಪದರದ ಸೋಂಕು, ಕಾಲಿನ ರಕ್ತನಾಳಗಳಲ್ಲಿ ಹೆಪ್ಪು. ಸಿಸೇರಿಯನ್ನಿಗೆ ಮೊದಲು ಆ್ಯಂಟಿಬಯಾಟಿಕ್ ಕೊಟ್ಟರೆ ಇಂಥ ಸೋಂಕುಗಳು ಶೇ. 60ರಿಂದ 70ರಷ್ಟು ತಗ್ಗುತ್ತವೆ ಎಂದು ಕಾಕ್ರನ್ ಸಮೀಕ್ಷೆ ತೋರಿಸಿದೆ. ಹಾಗಿದ್ದೂ, ನೋವು ಬಂದ ಮೇಲೆ ಅಥವಾ ನೀರು ಹೋದ ಮೇಲೆ ಸಿಸೇರಿಯನ್ ಆದ 2,013 ತಾಯಂದಿರ ಮೇಲೆ ಅಮೆರಿಕದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ವಾಡಿಕೆಯ ಔಷಧವನ್ನಷ್ಟೇ ಪಡೆದವರಲ್ಲಿ ಶೇ. 12ರಷ್ಟು ಮಂದಿಗೆ ಸೋಂಕು ತಗುಲಿತು; ಅಜಿತ್ರೊಮೈಸಿನ್ ಸೇರಿಸಿದಾಗ ಅದು ಶೇ. 6.1ಕ್ಕೆ ಇಳಿಯಿತು. ಒಳ್ಳೆಯ ಸೌಕರ್ಯವಿದ್ದ ಆಸ್ಪತ್ರೆಗಳ ಮಾತು ಇದು. ಜೊತೆಗೆ ಗರ್ಭಕೋಶದ ಮೇಲೆ ಉಳಿದ ಕಲೆ ಮುಂದಿನ ಬಸಿರಿಗೂ ಹೋಗುತ್ತದೆ: ಮಾಸು ಆ ಕಲೆಯ ಮೇಲೆ ಬೇರುಬಿಟ್ಟು ಬಿಡದಂತಾಗುವ, ಕಲೆ ಬಿರಿಯುವ ಅಪಾಯ ಒಂದೊಂದು ಸಿಸೇರಿಯನ್ನಿಗೂ ಏರುತ್ತದೆ.

ಸೋಂಕು ಮೈಯೆಲ್ಲ ಹರಡಿ ರಕ್ತದೊತ್ತಡ ಕುಸಿದ, ಮೂತ್ರ ನಿಂತ, ಪ್ರಜ್ಞೆ ಮಸುಕಾದ ತಾಯಿಯ ಸ್ಥಿತಿ ಬೇರೆಯೇ. ಅಂಗಾಂಗಗಳು ಸೋಲತೊಡಗಿದ ಈ ಸ್ಥಿತಿಯನ್ನೇ ವಿಶ್ವ ಆರೋಗ್ಯ ಸಂಸ್ಥೆ 2017ರಿಂದ ತಾಯಿಯ ಸೆಪ್ಸಿಸ್ ಎಂದು ಕರೆಯುತ್ತದೆ. ಜಗತ್ತಿನ ತಾಯಿ ಮರಣಗಳಲ್ಲಿ ಸುಮಾರು ಹತ್ತರಲ್ಲೊಂದು ಇದರಿಂದ. ಇಲ್ಲಿ ಮೊದಲ ಕೆಲಸ ದ್ರವ, ಆ್ಯಂಟಿಬಯಾಟಿಕ್, ಆಮ್ಲಜನಕ ಕೊಟ್ಟು ತಾಯಿಯನ್ನು ಸ್ಥಿರಗೊಳಿಸುವುದು. ಸೋಂಕಿನ ಮೂಲ ಗರ್ಭಕೋಶವೇ ಆಗಿದ್ದರೆ ಅದನ್ನು ಬೇಗ ಖಾಲಿಮಾಡಬೇಕು, ಮತ್ತು ಹೆರಿಗೆ ದೂರವಿದ್ದರೆ ಅದಕ್ಕೆ ಶಸ್ತ್ರಕ್ರಿಯೆಯೇ ಬೇಕಾಗಬಹುದು. ಮೂಲ ಮೂತ್ರಪಿಂಡದಲ್ಲೋ ಶ್ವಾಸಕೋಶದಲ್ಲೋ ಇದ್ದರೆ, ಮಗುವನ್ನು ತೆಗೆದ ಮಾತ್ರಕ್ಕೆ ತಾಯಿ ಚೇತರಿಸಿಕೊಳ್ಳುವುದಿಲ್ಲ. ಕುಸಿದ ರಕ್ತದೊತ್ತಡದ ಮೇಲೆ ಅರಿವಳಿಕೆಯ ಹೊರೆಯನ್ನೂ ಹೇರಿದರೆ ಇಬ್ಬರನ್ನೂ ಕಳೆದುಕೊಳ್ಳುವ ಅಪಾಯವಿದೆ.

ವೈರಸ್‌ಗಳ ಗುಂಪಿನಲ್ಲಿ ಎಚ್‌ಐವಿಯ ಕಥೆ ನನ್ನ ವಾದಕ್ಕೆ ಮೊದಲ ನೋಟಕ್ಕೆ ವಿರುದ್ಧವಾಗಿ ಕಾಣುತ್ತದೆ. ಚಿಕಿತ್ಸೆ ಇಲ್ಲದಿದ್ದ ಕಾಲದಲ್ಲಿ ಮಗುವಿಗೆ ವೈರಸ್ ದಾಟುತ್ತಿದ್ದುದು ಬಹುಮಟ್ಟಿಗೆ ಹೆರಿಗೆಯ ಹೊತ್ತಿನಲ್ಲಿ. 1999ರಲ್ಲಿ ಪ್ರಕಟವಾದ ಯುರೋಪಿನ ಪ್ರಯೋಗದಲ್ಲಿ ಮೊದಲೇ ಗೊತ್ತುಮಾಡಿದ ಸಿಸೇರಿಯನ್ನಿನ ಗುಂಪಿನ ಮಕ್ಕಳಲ್ಲಿ ಶೇ. 1.8ಕ್ಕೆ, ಸಹಜ ಹೆರಿಗೆಯ ಗುಂಪಿನವರಲ್ಲಿ ಶೇ. 10.5ಕ್ಕೆ ಸೋಂಕು ದಾಟಿತ್ತು. ಅನುಮಾನಕ್ಕೆ ಎಡೆಯಿಲ್ಲದ ಫಲಿತಾಂಶ ಅದು, ಆ ಕಾಲಕ್ಕೆ ಸಿಸೇರಿಯನ್ ಸಲಹೆ ಕೊಟ್ಟವರು ಸರಿಯಾಗಿಯೇ ಕೊಟ್ಟರು. ಆದರೆ ಆ ಲಾಭ ಬಂದದ್ದು ನೋವು ಶುರುವಾಗುವ ಮೊದಲು, ನೀರಿನ ಚೀಲ ಒಡೆಯುವ ಮೊದಲು ಮಾಡಿದ ಶಸ್ತ್ರಕ್ರಿಯೆಯಿಂದ. ನೋವಿನ ನಡುವೆ ಅವಸರದಲ್ಲಿ ಮಾಡುವ ಸಿಸೇರಿಯನ್ನಿನಿಂದ ಅದೇ ರಕ್ಷಣೆ ಸಿಗುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. ಅದಕ್ಕಿಂತ ದೊಡ್ಡದು, ಔಷಧ ಲೆಕ್ಕವನ್ನೇ ಬದಲಿಸಿತು. 1994ರಲ್ಲಿ ಜಿಡೊವುಡಿನ್ ಒಂದೇ ದಾಟುವಿಕೆಯನ್ನು ಶೇ. 25.5ರಿಂದ 8.3ಕ್ಕೆ ಇಳಿಸಿತ್ತು; ಮೂರು ಔಷಧಗಳ ಚಿಕಿತ್ಸೆಯಲ್ಲಿ ವೈರಸ್ ಪ್ರಮಾಣ ಮಿಲಿಲೀಟರಿಗೆ 50ಕ್ಕಿಂತ ಕೆಳಗಿಳಿದ ತಾಯಂದಿರಲ್ಲಿ, ಬ್ರಿಟನ್ ಮತ್ತು ಐರ್ಲೆಂಡಿನ ದಾಖಲೆಗಳ ಪ್ರಕಾರ, ಅದು ಸಾವಿರಕ್ಕೆ ಸುಮಾರು ಒಂದು. ಇಷ್ಟು ಕೆಳಗಿಳಿದ ಮೇಲೆ ಸಿಸೇರಿಯನ್ ಇನ್ನು ತಗ್ಗಿಸುವುದೇನೂ ಉಳಿದಿಲ್ಲ, ಅದರ ಅಪಾಯಗಳು ಮಾತ್ರ ಉಳಿಯುತ್ತವೆ. ಆದ್ದರಿಂದಲೇ ಅಮೆರಿಕದಲ್ಲಿ ಹೆರಿಗೆ ಹತ್ತಿರವಾದಾಗ ವೈರಸ್ ಪ್ರಮಾಣ 1,000ಕ್ಕಿಂತ ಹೆಚ್ಚಿದ್ದರೆ, ಬ್ರಿಟನ್ನಿನಲ್ಲಿ 400 ಅಥವಾ ಹೆಚ್ಚಿದ್ದರೆ ಮೊದಲೇ ಗೊತ್ತುಮಾಡಿದ ಸಿಸೇರಿಯನ್ ಸಲಹೆ ಮಾಡುತ್ತಾರೆ. ಭಾರತದಲ್ಲಿ 2014ರಿಂದ ಎಚ್‌ಐವಿ ಇರುವ ಎಲ್ಲ ಗರ್ಭಿಣಿಯರಿಗೂ ಜೀವನಪೂರ್ತಿ ಉಚಿತ ಚಿಕಿತ್ಸೆ ಇದೆ, ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಮಾರ್ಗಸೂಚಿ ಪ್ರಸೂತಿ ಕಾರಣವಿದ್ದರೆ ಮಾತ್ರ ಸಿಸೇರಿಯನ್ ಎನ್ನುತ್ತದೆ. ಸಹಜ ಹೆರಿಗೆಯಲ್ಲೂ ಪಾಲಿಸಬೇಕಾದ ಶಿಸ್ತಿದೆ: ಕಾರಣವಿಲ್ಲದೆ ನೀರಿನ ಚೀಲ ಒಡೆಯಬಾರದು, ಮಗುವಿನ ನೆತ್ತಿಗೆ ವಿದ್ಯುದಗ್ರ ಚುಚ್ಚಬಾರದು, ಚಿಮಟ ಅಥವಾ ವ್ಯಾಕ್ಯೂಮನ್ನು ಆದಷ್ಟು ದೂರವಿಡಬೇಕು.

ಹರ್ಪಿಸ್ ಮಾತ್ರ ನೋವಿನ ನಡುವೆಯೂ ಸಿಸೇರಿಯನ್ನಿಗೆ ಸ್ಪಷ್ಟ ಕಾರಣವಾಗಬಲ್ಲ ಸೋಂಕು. ಜನನಾಂಗದಲ್ಲಿ ಹುಣ್ಣು ತೆರೆದಿರುವಾಗ ಮಗು ಅದನ್ನು ಸವರಿಕೊಂಡೇ ಹೊರಬರುತ್ತದೆ. ನವಜಾತ ಶಿಶುವಿನಲ್ಲಿ ಈ ವೈರಸ್ ಮೆದುಳಿಗೆ ಹೋದರೆ ಸಾವು ಅಥವಾ ಶಾಶ್ವತ ಅಂಗವೈಕಲ್ಯ. 2003ರಲ್ಲಿ ಅಮೆರಿಕದಿಂದ ಬಂದ ಅಧ್ಯಯನದಲ್ಲಿ ಹೆರಿಗೆಯ ಹೊತ್ತಿಗೆ ವೈರಸ್ ಇದ್ದ 202 ತಾಯಂದಿರ ಪೈಕಿ ಸಿಸೇರಿಯನ್ ಆದವರಲ್ಲಿ ಶೇ. 1.2, ಸಹಜ ಹೆರಿಗೆಯಾದವರಲ್ಲಿ ಶೇ. 7.7 ಮಕ್ಕಳಿಗೆ ಅದು ತಗುಲಿತ್ತು. ಇಲ್ಲೂ ವಿವರ ನೋಡಬೇಕು. ಬಸಿರಿನ ಕೊನೆಯ ವಾರಗಳಲ್ಲಿ ಮೊದಲ ಬಾರಿಗೆ ಸೋಂಕಾದ ತಾಯಿಯಲ್ಲಿ ಮಗುವಿಗೆ ಕೊಡಲು ಪ್ರತಿಕಾಯಗಳೇ ತಯಾರಾಗಿರುವುದಿಲ್ಲ, ಅಪಾಯ ಶೇ. 30ರಿಂದ 50ರವರೆಗೆ ಹೋಗುತ್ತದೆ. ಹಳೆಯ ಸೋಂಕು ಮರುಕಳಿಸಿದ್ದರೆ ಅದು ಶೇ. 3ಕ್ಕಿಂತ ಕಡಿಮೆ. ಹಿಂದೆಂದೋ ಹರ್ಪಿಸ್ ಆಗಿತ್ತು, ಈಗ ಹುಣ್ಣಾಗಲಿ ಉರಿಯಾಗಲಿ ಇಲ್ಲ ಎಂಬ ತಾಯಿಗೆ ಸಹಜ ಹೆರಿಗೆಯೇ ಸರಿ, ಮತ್ತು 36ನೇ ವಾರದಿಂದ ಅಸೈಕ್ಲೊವಿರ್ ನುಂಗಿದರೆ ಹೆರಿಗೆ ಹೊತ್ತಿಗೆ ಹುಣ್ಣು ಏಳುವ ಸಂಭವವೇ ತಗ್ಗುತ್ತದೆ.

ಉಳಿದ ವೈರಸ್‌ಗಳ ವಿಷಯ ಬೇಗ ಮುಗಿಯುತ್ತದೆ. ಹೆಪಟೈಟಿಸ್ ಬಿ ಇರುವ ತಾಯಿಯ ಮಗುವನ್ನು ಕಾಪಾಡುವುದು ಹುಟ್ಟಿದ ಇಪ್ಪತ್ತನಾಲ್ಕು ಗಂಟೆಯೊಳಗಿನ ಲಸಿಕೆ ಮತ್ತು ಇಮ್ಯುನೊಗ್ಲಾಬ್ಯುಲಿನ್, ವೈರಸ್ ಬಹಳ ಹೆಚ್ಚಿದ್ದರೆ ತಾಯಿಗೆ ಟೆನೊಫೊವಿರ್; ಹೆಪಟೈಟಿಸ್ ಸಿ ಇದ್ದರೂ ಆ ಕಾರಣಕ್ಕೆ ಸಿಸೇರಿಯನ್ ಬೇಡ. ಕೋವಿಡ್ ಶುರುವಿನಲ್ಲಿ ಚೀನಾದಿಂದ ಬಂದ ವರದಿಗಳಲ್ಲಿ ಸೋಂಕಿತ ತಾಯಂದಿರಲ್ಲಿ ಬಹುಪಾಲು ಎಲ್ಲರಿಗೂ ಸಿಸೇರಿಯನ್ ಆಗಿತ್ತು. ಕೋವಿಡ್ ಒಂದೇ ಅದಕ್ಕೆ ಕಾರಣವಾಗದು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲೇ ಹೇಳಬೇಕಾಯಿತು. ಹೊಸ ರೋಗದ ಭಯ ಮೊದಲು ಮುಟ್ಟಿದ್ದು ತಾಯಿಯ ಹೊಟ್ಟೆಯನ್ನು ಎಂಬುದು ನೋವಿನ ಸಂಗತಿ. ಸೀತಾಳೆ ಸಿಡುಬಿನಲ್ಲಂತೂ ಮುಖ್ಯವಾದುದು ಹೆರಿಗೆಯ ಹೊತ್ತು: ತಾಯಿಗೆ ಗುಳ್ಳೆ ಎದ್ದ ಕೆಲವೇ ದಿನಗಳಲ್ಲಿ ಮಗು ಹುಟ್ಟಿದರೆ ಅದಕ್ಕೆ ಪ್ರತಿಕಾಯ ದಾಟಿರುವುದಿಲ್ಲ, ಸಾಧ್ಯವಿದ್ದರೆ ಹೆರಿಗೆಯನ್ನು ಮುಂದೂಡುವುದೇ ಲೇಸು.

ನಮ್ಮ ಪರಿಸ್ಥಿತಿಗೆ ಈ ವಿವೇಚನೆ ಹೊಂದುವುದಿಲ್ಲ ಎಂಬ ಆಕ್ಷೇಪವೂ ಉಂಟು. ತಾಯಿ ತಡವಾಗಿ ಬರುತ್ತಾಳೆ, ವೈರಸ್ ಪ್ರಮಾಣದ ವರದಿ ಕೈಯಲ್ಲಿರುವುದಿಲ್ಲ, ರಾತ್ರಿ ಎದೆಬಡಿತ ನೋಡುತ್ತ ಕೂರಲು ದಾದಿಯರು ಸಾಲುವುದಿಲ್ಲ, ಹೆಚ್ಚುಕಡಿಮೆಯಾದರೆ ಗಲಾಟೆ. ಇಷ್ಟೆಲ್ಲ ಇರುವಾಗ ಶಸ್ತ್ರಕ್ರಿಯೆಯೇ ಕ್ಷೇಮ ಎಂಬ ಮಾತಿನಲ್ಲಿ ವೈದ್ಯರ ನಿಜವಾದ ಸಂಕಟವಿದೆ. ಆದರೆ ದಾದಿಯರು ಸಾಲದ, ರಕ್ತನಿಧಿ ದೂರವಿರುವ ಕಡೆ ಸೋಂಕಿನ ಗರ್ಭಕೋಶದ ಸಿಸೇರಿಯನ್ ಇನ್ನೂ ಅಪಾಯಕರ. ಶಸ್ತ್ರಕ್ರಿಯೆಯ ನಂತರದ ಆರೈಕೆಗೂ ಬೇಕಿರುವುದು ಅದೇ ದಾದಿಯರು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ (2019–21) ಭಾರತದ ಹೆರಿಗೆಗಳಲ್ಲಿ ಶೇ. 21.5, ಕರ್ನಾಟಕದಲ್ಲಿ ಶೇ. 31.5 ಸಿಸೇರಿಯನ್; ದೇಶದ ಖಾಸಗಿ ಆಸ್ಪತ್ರೆಗಳಲ್ಲಿ ಅದು ಶೇ. 47.4, ಸರ್ಕಾರಿ ಆಸ್ಪತ್ರೆಗಳಲ್ಲಿ 14.3. ಇಷ್ಟು ದೊಡ್ಡ ಅಂತರವನ್ನು ತಾಯಂದಿರ ಕಾಯಿಲೆಗಳಿಂದಲೇ ವಿವರಿಸಲಾಗದು. ಸೌಕರ್ಯದ ಕೊರತೆಗೆ ಸೂಕ್ತ ಉತ್ತರ ಸೋಂಕನ್ನು ಮೊದಲೇ ತಡೆಯುವುದು. ಅದಕ್ಕೆ ಆಧಾರ ಕರ್ನಾಟಕದಿಂದಲೂ ಬಂದಿದೆ. ಬೆಳಗಾವಿ ಮತ್ತು ನಾಗಪುರ ಸೇರಿದಂತೆ ಏಳು ದೇಶಗಳ ಕೇಂದ್ರಗಳಲ್ಲಿ ಸಹಜ ಹೆರಿಗೆಗೆ ಸಿದ್ಧರಾಗಿದ್ದ 29,278 ತಾಯಂದಿರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ನೋವಿನ ಹೊತ್ತಿನಲ್ಲಿ ಒಂದೇ ಸಲ ನುಂಗಿಸಿದ ಎರಡು ಗ್ರಾಂ ಅಜಿತ್ರೊಮೈಸಿನ್ ತಾಯಿಯ ಸೆಪ್ಸಿಸ್ ಅಥವಾ ಸಾವನ್ನು ಶೇ. 2.4ರಿಂದ 1.6ಕ್ಕೆ ಇಳಿಸಿತು. ಶಿಶುಗಳ ಸೆಪ್ಸಿಸ್ ಅಥವಾ ಸಾವಿನಲ್ಲಿ ವ್ಯತ್ಯಾಸವಾಗಲಿಲ್ಲ, ಬ್ಯಾಕ್ಟೀರಿಯಾಗಳು ಔಷಧಕ್ಕೆ ಬಗ್ಗದಂತಾಗುವ ಚಿಂತೆಯೂ ಇದೆ; ಆದ್ದರಿಂದ ಇದನ್ನು ಎಲ್ಲರಿಗೂ ಹಂಚುವ ಮೊದಲು ಯೋಚಿಸಬೇಕು. ಒಳಪರೀಕ್ಷೆಗಳನ್ನು ನಾಲ್ಕು ಗಂಟೆಗೊಮ್ಮೆಗೆ ಮಿತಿಗೊಳಿಸುವುದಕ್ಕೆ, ಕೈತೊಳೆಯುವುದಕ್ಕೆ ಅಂಥ ಯೋಚನೆಯೂ ಬೇಡ.

ಹೆರಿಗೆ ಯಾವ ದಾರಿಯಲ್ಲೇ ಆಗಲಿ, ಸೋಂಕಿನ ಚಿಕಿತ್ಸೆ ಅಲ್ಲಿಗೆ ನಿಲ್ಲುವುದಿಲ್ಲ. ಗರ್ಭಕೋಶದ ಸೋಂಕಿದ್ದು ಸಹಜ ಹೆರಿಗೆಯಾದ ತಾಯಿಗೆ ಜ್ವರ ಇಳಿದಿದ್ದರೆ ಆ್ಯಂಟಿಬಯಾಟಿಕ್ಕನ್ನು ದಿನಗಟ್ಟಲೆ ಮುಂದುವರಿಸಬೇಕಿಲ್ಲ. ಸಿಸೇರಿಯನ್ ಆದವಳಿಗೆ ಇನ್ನೊಂದು ಡೋಸ್, ಜೊತೆಗೆ ಆಮ್ಲಜನಕವಿಲ್ಲದೆ ಬದುಕುವ ಬ್ಯಾಕ್ಟೀರಿಯಾಗಳಿಗೆ ಕ್ಲಿಂಡಾಮೈಸಿನ್ ಅಥವಾ ಮೆಟ್ರೊನಿಡಜೋಲ್ ಬೇಕು. ತಾಯಿಗೆ ಸೋಂಕಿತ್ತು ಎಂಬ ಮಾತು ಮಕ್ಕಳ ವೈದ್ಯರಿಗೆ ಕೂಡಲೇ ತಲುಪಬೇಕು, ಏಕೆಂದರೆ ನಂಜಾದ ಶಿಶು ಜ್ವರ ತೋರಿಸದೆ, ಹಾಲು ಕುಡಿಯದೆ ಮಂಕಾಗಿ ಮಲಗುವುದೇ ಹೆಚ್ಚು. ಬಿಡುಗಡೆಯ ದಿನ ತಾಯಿ ಕಾರ್ಡಿನಲ್ಲಿ ಹೆರಿಗೆಯ ಬಗೆಯ ಜೊತೆಗೆ ಅದಕ್ಕೆ ಕಾರಣವನ್ನೂ, ಸಿಸೇರಿಯನ್ ಆಗಿದ್ದರೆ ಗರ್ಭಕೋಶದ ಕೊಯ್ತ ಎಲ್ಲಿತ್ತು, ಹರಿದಿತ್ತೇ ಎಂಬುದನ್ನೂ ಬರೆಯಬೇಕು; ಮುಂದಿನ ಬಸಿರಿನಲ್ಲಿ ಬೇರೊಂದು ಊರಿನ ವೈದ್ಯರು ಸಹಜ ಹೆರಿಗೆಗೆ ಬಿಡಬಹುದೇ ಎಂದು ನಿರ್ಧರಿಸುವುದು ಆ ಎರಡು ಸಾಲುಗಳನ್ನು ನೋಡಿಯೇ.